ನಮ್ಮ ಹೊಲದ ಇರುಳು ಕಾವಲುಗಾರ

ಸಂಜೆ ದೀಪ ಹಚ್ಚುವ ವೇಳೆಗೆ ಬಾವಲಿಯೊಂದು ಪಡಸಾಲೆಗೆ ನುಗ್ಗಿತೆಂದರೆ ನಮ್ಮ ಮನೆಗಳಲ್ಲಿ ಗದ್ದಲವೇ ಗದ್ದಲ. ಹುಡುಗರು ಪೊರಕೆ ಹಿಡಿದು ಓಡುತ್ತಾರೆ. ಅಜ್ಜಿಯಂದಿರು ಮನೆಗೆ ಕೇಡೆಂದು ಗೊಣಗುತ್ತಾರೆ. ಪಾಪ, ಅದು ಬಂದದ್ದು ದೀಪಕ್ಕೆ ಮುತ್ತಿದ ಹುಳುಗಳಿಗಾಗಿ.

ಬಾವಲಿ ಹಕ್ಕಿಯಲ್ಲ. ಮರಿ ಹಾಕಿ ಹಾಲೂಡಿಸುವ ಸಸ್ತನಿ. ಸಸ್ತನಿಗಳಲ್ಲಿ ನಿಜವಾಗಿ ಹಾರಬಲ್ಲದ್ದು ಇದೊಂದೇ. ಅದರ ರೆಕ್ಕೆಯೆಂದರೆ ಉದ್ದನೆಯ ಬೆರಳುಗಳ ನಡುವೆ ಹರಡಿದ ತೊಗಲು. ಅದು ಕುರುಡೆಂಬ ಮಾತೂ ಸುಳ್ಳು. ಆದರೆ ಹುಳು ತಿನ್ನುವ ಬಾವಲಿಗಳು ಕತ್ತಲಲ್ಲಿ ಕಣ್ಣಿಗಿಂತ ಕಿವಿಯನ್ನೇ ನಂಬುತ್ತವೆ. ಬಾವಿಯಲ್ಲಿ ಕೂಗಿದರೆ ದನಿ ಮರಳುವುದಿಲ್ಲವೇ? ಹಾಗೆಯೇ ತಮ್ಮ ಕೂಗಿನ ಮರುದನಿಯಿಂದ ಅವು ಬೇಟೆಯನ್ನು ಗುರುತಿಸುತ್ತವೆ. ಆ ಕೂಗು ನಮ್ಮ ಕಿವಿಗೆ ನಿಲುಕದು. 1938ರಲ್ಲಿ ಅಮೆರಿಕದ ಡೊನಾಲ್ಡ್ ಗ್ರಿಫಿನ್ ಯಂತ್ರದ ನೆರವಿನಿಂದ ಅದನ್ನು ಹಿಡಿದ ಮೇಲೆಯೇ ಈ ಗುಟ್ಟು ಬಯಲಾಗತೊಡಗಿತು.

ಆದವಾನಿಯೆಂದರೆ ಹತ್ತಿ, ಹತ್ತಿಯೆಂದರೆ ಕಾಯಿಕೊರಕದ ಕಾಟ. ಆ ಹುಳುವಿನ ತಾಯಿ ಒಂದು ಪತಂಗ. ಅದು ಹಾರಾಡಿ ತತ್ತಿ ಇಡುವುದು ರಾತ್ರಿ. ಹಗಲಿನ ಹಕ್ಕಿಗಳು ಮಲಗಿದ ಆ ಹೊತ್ತಿನಲ್ಲಿ ಹೊಲದ ಮೇಲೆ ಬೇಟೆಯಾಡುವುದು ಬಾವಲಿ. ಒಂದು ಪತಂಗ ಹೋದರೆ ನೂರಾರು ತತ್ತಿ ಹೋದಂತೆ. ಅಮೆರಿಕದ ಟೆಕ್ಸಾಸ್ ರಾಜ್ಯದ 8 ಜಿಲ್ಲೆಗಳ ಹತ್ತಿಗೆ ಬಾವಲಿಗಳಿಂದಾಗುವ ಉಪಕಾರವನ್ನು ವಿಜ್ಞಾನಿಗಳು ಲೆಕ್ಕ ಹಾಕಿ 2006ರಲ್ಲಿ ಪ್ರಕಟಿಸಿದರು: ವರ್ಷಕ್ಕೆ ಸುಮಾರು 7 ಲಕ್ಷ 40 ಸಾವಿರ ಡಾಲರು! ಎಣ್ಣೆ ಹೊಡೆಯಲು ಸಾಲ ಮಾಡುವ ನಮ್ಮ ರೈತರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಲ, ಹುಣಸೆ ಮರಗಳಲ್ಲಿ ಹಗಲೆಲ್ಲ ತಲೆಕೆಳಗಾಗಿ ಜೋತಾಡುವ ದೊಡ್ಡ ಬಾವಲಿಗಳು ಹಣ್ಣು ತಿನ್ನುವ ಜಾತಿ. ಮಾವು, ಪೇರಲ ಕೆಡಿಸುತ್ತವೆಂದು ತೋಟದವರು ಬೈಯುವುದರಲ್ಲಿ ನಿಜವುಂಟು. ಆದರೆ ಆಲ, ಅತ್ತಿ, ಬೇವಿನ ಬೀಜಗಳನ್ನು ದೂರ ಒಯ್ದು ಉದುರಿಸುವವೂ ಇವೇ. ಇಪ್ಪೆ ಹೂವಿನ ಪರಾಗಸ್ಪರ್ಶಕ್ಕೂ ಇವು ಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಕಾಗೆ, ಇಲಿಗಳ ಸಾಲಿನಲ್ಲಿ ಉಪದ್ರವಿಗಳೆಂದು ಸೇರಿಸಿದ್ದರು. ಆ ಪಟ್ಟಿ 2022ರ ತಿದ್ದುಪಡಿಯಿಂದ ಹೋಯಿತು. ಐವತ್ತು ವರ್ಷ ತಡವಾಯಿತೆಂದೇ ನಮ್ಮ ಅನಿಸಿಕೆ. ದೊಡ್ಡ ಬಾವಲಿ ಒಂದು ಸಲಕ್ಕೆ ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ಗವಿಗೆ ಹೊಗೆ ಹಾಕಿ ಓಡಿಸಿದರೆ, ಉಬ್ಬಸಕ್ಕೆ ಮದ್ದೆಂದು ಹೊಡೆದರೆ (ಈ ಮದ್ದಿಗೆ ಆಧಾರವೇನೂ ಇಲ್ಲ) ಹೋದ ಸಂಖ್ಯೆ ಬೇಗ ತುಂಬುವುದಿಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಕಲ್ಲುಗುಡ್ಡದಲ್ಲಿರುವ ಒಂದು ಜಾತಿಯ ಬಾವಲಿ ಕಲ್ಲುಗಣಿಯ ಹೊಡೆತಕ್ಕೆ ಸಿಕ್ಕಿ ಒಂದೇ ಗವಿಗೆ ಬಂದು ನಿಂತಿದೆ. ಬಂಡೆಯ ಸಂದು, ಹಾಳು ಕೋಟೆಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಇಂಥವೇ ಬಾವಲಿಗಳ ಮನೆ.

ತೆಲುಗು ಕವಿ ಗುರ್ರಂ ಜಾಷುವಾ 1941ರಲ್ಲಿ ‘ಗಬ್ಬಿಲಂ’ ಎಂಬ ಕಾವ್ಯ ಬರೆದರು. ಗಬ್ಬಿಲವೆಂದರೆ ಬಾವಲಿಯೇ. ಗುಡಿಯೊಳಗೆ ಪ್ರವೇಶವಿಲ್ಲದ ಬಡವನೊಬ್ಬ ತನ್ನ ದುಃಖವನ್ನು ಶಿವನಿಗೆ ಮುಟ್ಟಿಸಲು ಅದನ್ನೇ ದೂತನನ್ನಾಗಿ ಕಳಿಸುತ್ತಾನೆ. ಬಾವಲಿಯನ್ನು ಗುಡಿಯ ಬಾಗಿಲಲ್ಲಿ ತಡೆಯುವವರು ಯಾರು?

ಮಕ್ಕಳೇ, ಒಂದು ಎಚ್ಚರಿಕೆ. ಬಾವಲಿಗಳಲ್ಲಿ ಕೆಲವು ರೋಗಾಣುಗಳಿರುತ್ತವೆ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಅದು ಕಚ್ಚಿದ ಹಣ್ಣನ್ನು ತಿನ್ನಬಾರದು. ಮನೆಯೊಳಗೆ ಬಂದರೆ ದೀಪ ಆರಿಸಿ, ಕಿಟಕಿ ಬಾಗಿಲು ತೆರೆದಿಟ್ಟು ಸುಮ್ಮನಿರಿ. ಪೊರಕೆ ಮೂಲೆಯಲ್ಲೇ ಇರಲಿ, ಅದು ತಾನಾಗಿಯೇ ಹೊರಟುಹೋಗುತ್ತದೆ.