ಕೃಶವಾದ ಮೈ, ಕರಗದ ಹೊಟ್ಟೆ

ಬೊಜ್ಜು ಎಂದೊಡನೆ ಕುಳಿತಲ್ಲಿಯೇ ಉಂಡು ಕೊಬ್ಬಿದ ಸಾಹುಕಾರನ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಹೊಲದಲ್ಲಿ ದುಡಿಯುವವನಿಗೆ, ಮನೆ, ಕೊಟ್ಟಿಗೆ, ಗದ್ದೆಗಳ ನಡುವೆ ದಿನವಿಡೀ ಓಡಾಡುವ ಗೃಹಿಣಿಗೆ ಬೊಜ್ಜಿನ ಚಿಂತೆ ಏಕೆ ಎಂದು ನೀವು ಕೇಳಬಹುದು. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುವ ವೈದ್ಯರು ನಿತ್ಯವೂ ಕಾಣುವ ದೃಶ್ಯ ಬೇರೆಯಾಗಿದೆ. ತೋಳು ಸಣ್ಣ, ಕಾಲು ಸಣ್ಣ, ತಕ್ಕಡಿಯ ಮೇಲೆ ನಿಂತರೆ ತೂಕವೂ ಸರಿಯಾಗಿಯೇ ಇರುತ್ತದೆ. ಹೊಟ್ಟೆ ಮಾತ್ರ ಮುಂದಕ್ಕೆ ಬಂದಿರುತ್ತದೆ. “ಒಂದು ಹೊತ್ತಿನ ಊಟ ಬಿಟ್ಟೆ, ಆದರೂ ಹೊಟ್ಟೆ ಇಳಿಯಲಿಲ್ಲ” ಎಂಬುದು ಇಂಥವರ ದೂರು. ಈ ಹೊಟ್ಟೆಯ ಸ್ವರೂಪವೇನು, ಇದನ್ನು ಇಳಿಸುವ ಮಾರ್ಗ ಯಾವುದು ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಕುಳಿತು ಓದಿ ತಿಳಿಯಬೇಕು.

ಮೊದಲು ಅಳತೆ

ಬೆಳಗ್ಗೆ ಶೌಚದ ನಂತರ, ಏನನ್ನೂ ತಿನ್ನುವ ಮೊದಲು, ನೆಟ್ಟಗೆ ನಿಂತುಕೊಳ್ಳಿರಿ. ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವಣ ಮಟ್ಟದಲ್ಲಿ ದರ್ಜಿಯ ಟೇಪನ್ನು ಸುತ್ತಿರಿ. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳದೆ, ಉಸಿರನ್ನು ಸಹಜವಾಗಿ ಹೊರಬಿಟ್ಟು ಅಳತೆಯನ್ನು ನೋಡಿರಿ. ಗಂಡಸರಲ್ಲಿ ಇದು 90 ಸೆಂಟಿಮೀಟರನ್ನೂ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 80 ಸೆಂಟಿಮೀಟರನ್ನೂ ಮೀರಬಾರದು.

ಟೇಪು ಇಲ್ಲದವರು ಒಂದು ದಾರವನ್ನು ತಮ್ಮ ಎತ್ತರದಷ್ಟೇ ಉದ್ದಕ್ಕೆ ಕತ್ತರಿಸಿ, ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿ ನೋಡಬಹುದು. ಮಡಚಿದ ದಾರದ ತುದಿಗಳು ಒಂದಕ್ಕೊಂದು ಮುಟ್ಟದಿದ್ದರೆ ಹೊಟ್ಟೆಯಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಕೊಬ್ಬು ಸೇರಿರುವ ಸಂಭವವಿದೆ. ವರ್ಷದಿಂದ ವರ್ಷಕ್ಕೆ ಉಡಿದಾರವನ್ನು ಸಡಿಲಿಸಿ ಕಟ್ಟಬೇಕಾಗಿ ಬಂದರೆ, ಲಂಗದ ಲಾಡಿ ಗಿಡ್ಡವಾಗುತ್ತ ಬಂದರೆ, ಅದೂ ಒಂದು ಎಚ್ಚರಿಕೆಯೇ.

ದುಡಿಯುವ ದೇಹದಲ್ಲಿ ಬೊಜ್ಜೇಕೆ?

ತಕ್ಕಡಿಯು ಇಡೀ ದೇಹದ ತೂಕವನ್ನು ಹೇಳುತ್ತದೆಯೇ ಹೊರತು ಅದರಲ್ಲಿ ಮಾಂಸವೆಷ್ಟು, ಕೊಬ್ಬೆಷ್ಟು ಎಂಬುದನ್ನು ಹೇಳುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ದೇಹವನ್ನೇ ಉದಾಹರಣೆಯಾಗಿ ಕೊಟ್ಟರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ ಸಮನಾಗಿದ್ದರು. ಆದರೆ ಇಂಗ್ಲೆಂಡಿನ ವೈದ್ಯರ ದೇಹದಲ್ಲಿ ಕೊಬ್ಬು ಶೇಕಡಾ 9.1, ಭಾರತದ ವೈದ್ಯರ ದೇಹದಲ್ಲಿ ಶೇಕಡಾ 21.2 ಇತ್ತು. ಇಬ್ಬರ ದಿನಚರಿಯ ವ್ಯತ್ಯಾಸವೂ ಇದಕ್ಕೆ ಕಾರಣವಿರಬಹುದು. ಆದರೂ ತೂಕ ಸರಿಯಿದ್ದ ಮಾತ್ರಕ್ಕೆ ಕೊಬ್ಬು ಕಡಿಮೆ ಎನ್ನಲಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮವರಲ್ಲಿ ಈ ಪ್ರವೃತ್ತಿ ತಾಯಿಯ ಗರ್ಭದಲ್ಲಿಯೇ ಆರಂಭವಾಗುತ್ತದೆ. ಪುಣೆಯ ಸಮೀಪದ ಹಳ್ಳಿಗಳ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೋಗ್ರಾಂ, ಇಂಗ್ಲೆಂಡಿನ ಶಿಶುಗಳದು 3.5 ಕಿಲೋಗ್ರಾಂ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ನಮ್ಮ ಶಿಶುಗಳಲ್ಲಿ ಮಾಂಸ ಬಹಳ ಕಡಿಮೆಯಿತ್ತು. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. ಗರ್ಭಿಣಿಗೆ ಪೌಷ್ಟಿಕ ಆಹಾರ ಸಿಗಬೇಕು, ಒಂದು ಮಗುವಿಗೂ ಇನ್ನೊಂದಕ್ಕೂ ಮೂರು ವರ್ಷಗಳ ಅಂತರವಿರಬೇಕು ಎಂದು ನಾವು ಹೇಳುವುದು ಇಂದಿನ ಕೂಸಿಗಾಗಿ ಮಾತ್ರವಲ್ಲ. ಆ ಕೂಸಿನ ನಲವತ್ತನೆಯ ವಯಸ್ಸಿಗಾಗಿಯೂ ಹೌದು.

ಎರಡನೆಯ ಕಾರಣ ತಟ್ಟೆಯಲ್ಲಿದೆ. ಒಂದು ರಾಶಿ ಅನ್ನ, ಮೇಲೆ ತಿಳಿಸಾರು, ಪಕ್ಕದಲ್ಲಿ ಉಪ್ಪಿನಕಾಯಿ: ಇದರಲ್ಲಿ ಪಿಷ್ಟವೇ ಹೆಚ್ಚು, ಮಾಂಸಖಂಡವನ್ನು ಬೆಳೆಸುವ ಸಸಾರಜನಕ ಬಹಳ ಕಡಿಮೆ. ಮೂರನೆಯದಾಗಿ, ದುಡಿಮೆಯ ರೀತಿಯೇ ಬದಲಾಗಿದೆ. ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರು, ಏತದ ಜಾಗಕ್ಕೆ ಪಂಪು, ನಡಿಗೆಯ ಜಾಗಕ್ಕೆ ಬೈಕು ಬಂದಿವೆ. ಊಟದ ಪ್ರಮಾಣ ಮಾತ್ರ ಹಳೆಯದೇ ಉಳಿದಿದೆ.

ನಾಲ್ಕನೆಯದು ಲೆಕ್ಕಕ್ಕೆ ಬಾರದ ಸೇವನೆ. ಚಮಚಕ್ಕೆ 5 ಗ್ರಾಂನಂತೆ, ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ದಿನಕ್ಕೆ ನಾಲ್ಕು ಲೋಟ ಚಹಾ ಕುಡಿದರೆ 40 ಗ್ರಾಂ ಸಕ್ಕರೆಯಾಯಿತು. ದಿನಕ್ಕೆ ಸುಮಾರು 25 ಗ್ರಾಂನೊಳಗೆ ಇದ್ದರೆ ಹೆಚ್ಚು ಲಾಭವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿದೆ. ಸಂಜೆ 90 ಮಿಲಿಲೀಟರ್ ಮದ್ಯ ಕುಡಿಯುವವನು ಸುಮಾರು 200 ಕ್ಯಾಲೊರಿಗಳನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತಾನೆ. ಜೊತೆಗೆ ತಿನ್ನುವ ಬೋಂಡ, ಖಾರದ ಲೆಕ್ಕ ಬೇರೆ.

ಇದು ಅಂದಚೆಂದದ ಪ್ರಶ್ನೆಯಲ್ಲ

ಚಿವುಟಿದರೆ ಕೈಗೆ ಸಿಗುವ ಕೊಬ್ಬು ಚರ್ಮದ ಕೆಳಗಿನದು. ಕೈಗೆ ಸಿಗದ ಕೊಬ್ಬು ಕರುಳಿನ ಸುತ್ತ, ಯಕೃತ್ತಿನ ಬಳಿ ಸೇರಿಕೊಂಡಿರುತ್ತದೆ. ಅಪಾಯ ಹೆಚ್ಚು ಇರುವುದು ಈ ಎರಡನೆಯದರಲ್ಲಿ. ಕರುಳಿನ ರಕ್ತವು ಮೊದಲು ಯಕೃತ್ತಿಗೆ ಹರಿಯುವುದರಿಂದ ಈ ಕೊಬ್ಬಿನ ಅಂಶವೂ ಅಲ್ಲಿಗೆ ಸೇರುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬಿದರೆ ಇನ್ಸುಲಿನ್ನಿನ ಮಾತು ನಡೆಯದಂತಾಗಿ ರಕ್ತದಲ್ಲಿ ಸಕ್ಕರೆ ಏರುತ್ತದೆ. ರಕ್ತದೊತ್ತಡವೂ ಹೃದಯದ ಕಾಯಿಲೆಯೂ ಇದರ ಹಿಂದೆ ಬರುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ತೂಕದ ಲೆಕ್ಕದಲ್ಲಿ ಸ್ಥೂಲಕಾಯರು ಶೇಕಡಾ 28.6, ಸೊಂಟದ ಲೆಕ್ಕದಲ್ಲಿ ಬೊಜ್ಜುಳ್ಳವರು ಶೇಕಡಾ 39.5. ತಕ್ಕಡಿಗೆ ಸಿಗದೆ ಟೇಪಿಗೆ ಮಾತ್ರ ಸಿಗುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ಇದರಿಂದ ಊಹಿಸಬಹುದು. “ನಾನು ಸಣಕಲು, ನನಗೆಲ್ಲಿಯ ಸಕ್ಕರೆ ಕಾಯಿಲೆ” ಎಂದು ಪರೀಕ್ಷೆಯನ್ನೇ ಮಾಡಿಸದವನಿಗೆ, ಹೊಲದಲ್ಲಿ ಮುಳ್ಳು ತುಳಿದ ಗಾಯ ತಿಂಗಳಾದರೂ ಮಾಯದಿದ್ದಾಗ ಕಾಯಿಲೆಯ ವಿಷಯ ತಿಳಿಯುತ್ತದೆ. ಆ ದಿನದವರೆಗೆ ಕಾಯುವುದು ಬೇಡ.

ಹೆರಿಗೆ, ಶಸ್ತ್ರಚಿಕಿತ್ಸೆ ಮತ್ತು ಹೊಟ್ಟೆ

“ಆಪರೇಷನ್ ಆದ ಮೇಲೆ ಹೊಟ್ಟೆ ಬಂತು” ಎಂಬ ಮಾತು ಹಳ್ಳಿಗಳಲ್ಲಿ ಪ್ರಚಲಿತವಾಗಿದೆ. ಸಂತಾನ ನಿರೋಧ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳಗಳನ್ನು ಮಾತ್ರ ಕಟ್ಟಲಾಗುತ್ತದೆ. ಅಂಡಾಶಯಗಳೂ ಗರ್ಭಕೋಶವೂ ಹಾಗೆಯೇ ಉಳಿಯುತ್ತವೆ. ಅವುಗಳ ರಸಗಳು ಮೊದಲಿನಂತೆಯೇ ಉತ್ಪತ್ತಿಯಾಗುತ್ತವೆ. ಆದ್ದರಿಂದ ಬೊಜ್ಜಿಗೆ ಈ ಶಸ್ತ್ರಚಿಕಿತ್ಸೆ ಕಾರಣವಲ್ಲ. ಪುರುಷರ ಶಸ್ತ್ರಚಿಕಿತ್ಸೆಯಿಂದಲೂ ಬೊಜ್ಜಾಗಲಿ ನಿಶ್ಶಕ್ತಿಯಾಗಲಿ ಬರುವುದಿಲ್ಲ. ‘ಅಂತರಾ’ ಚುಚ್ಚುಮದ್ದು ಪಡೆಯುವ ಕೆಲವರಲ್ಲಿ ಮಾತ್ರ ತೂಕ ಸ್ವಲ್ಪ ಏರಬಹುದು. ಹಾಗಾದರೆ ವೈದ್ಯರಿಗೆ ತಿಳಿಸಿ ಬೇರೆ ವಿಧಾನವನ್ನು ಆರಿಸಿಕೊಳ್ಳಬಹುದು.

ಹೆರಿಗೆಯಾದ ಅನೇಕರಲ್ಲಿ ಹೊಟ್ಟೆ ಮುಂದೆ ಬಂದಿರುವುದಕ್ಕೆ ಕೊಬ್ಬಿಗಿಂತ ಸ್ನಾಯುಗಳೇ ಕಾರಣ. ಹೊಟ್ಟೆಯ ಮುಂಭಾಗದಲ್ಲಿ ಮೇಲಿಂದ ಕೆಳಕ್ಕೆ ಇರುವ ಎರಡು ಸ್ನಾಯುಗಳು ಬಸಿರಿನಲ್ಲಿ ಒಂದರಿಂದೊಂದು ದೂರ ಸರಿಯುತ್ತವೆ. ಅಂಗಾತ ಮಲಗಿ, ಮಂಡಿ ಮಡಚಿ, ತಲೆಯನ್ನು ಸ್ವಲ್ಪ ಎತ್ತಿ ಹೊಕ್ಕುಳ ಸುತ್ತ ಬೆರಳಿಟ್ಟು ನೋಡಿರಿ. ಎರಡು ಬೆರಳಿಗಿಂತ ಅಗಲವಾದ ಸಂದು ತೋರಿದರೆ ಸ್ನಾಯುಗಳು ಇನ್ನೂ ಕೂಡಿಕೊಂಡಿಲ್ಲವೆಂದು ತಿಳಿಯಬೇಕು. ಇಂಥವರು ಬಟ್ಟೆಯನ್ನು ಬಿಗಿಯಾಗಿ ಕಟ್ಟಿದ ಮಾತ್ರಕ್ಕೆ ಗುಣ ಕಾಣುವುದಿಲ್ಲ. ಎದ್ದು ಬಾಗುವ ಕಠಿಣ ವ್ಯಾಯಾಮವನ್ನೂ ಮಾಡಬಾರದು. ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಹೊಕ್ಕುಳನ್ನು ಬೆನ್ನಿನ ಕಡೆಗೆ ಎಳೆದುಕೊಂಡು ಐದು ಎಣಿಸುವವರೆಗೆ ಹಿಡಿದು ಬಿಡುವುದನ್ನು ದಿನಕ್ಕೆ ಎರಡು ಸಲ, ಹತ್ತು ಹತ್ತು ಬಾರಿ ಮಾಡಬೇಕು. ಸಿಸೇರಿಯನ್ ಆದವರು ವೈದ್ಯರ ಅನುಮತಿ ಪಡೆದೇ ಆರಂಭಿಸತಕ್ಕದ್ದು.

ಮಾಡಬೇಕಾದುದೇನು?

ಮೈ ಕೃಶವಾಗಿರುವವರು ಉಪವಾಸ ಮಾಡಬಾರದು. ಹೊಟ್ಟೆಗೆ ಕಡಿಮೆ ಹಾಕಿದರೆ ಇರುವ ಅಲ್ಪ ಮಾಂಸಖಂಡವೂ ಕರಗುತ್ತದೆ. ಊಟವನ್ನು ಬಿಡದೆ ತಟ್ಟೆಯ ಹಂಚಿಕೆಯನ್ನು ಬದಲಿಸಿರಿ. ಅರ್ಧ ತಟ್ಟೆ ಸೊಪ್ಪು, ತರಕಾರಿ, ಕೋಸಂಬರಿ. ಕಾಲು ಭಾಗ ಹೆಸರುಕಾಳು, ಹುರುಳಿ, ಅಲಸಂದೆ, ಅವರೆ ಅಥವಾ ಮೊಟ್ಟೆ, ಮೀನು. ಉಳಿದ ಕಾಲು ಭಾಗ ಮಾತ್ರ ಮುದ್ದೆ, ರೊಟ್ಟಿ ಅಥವಾ ಅನ್ನ. ಮುದ್ದೆ ಎಷ್ಟೇ ಒಳ್ಳೆಯದಾದರೂ ಎರಡು ಉಂಡೆಗಳ ಜಾಗದಲ್ಲಿ ಒಂದು ಉಂಡೆ ಮತ್ತು ಒಂದು ಬಟ್ಟಲು ಕಾಳಿನ ಪಲ್ಯವಿರಲಿ. ರಾತ್ರಿಯ ಊಟ ಮಲಗುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯಲಿ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದ ಅನ್ನ ಸಾರನ್ನು ಮಾತ್ರ ಉಣ್ಣುವ ಗೃಹಿಣಿಗೆ ಕಾಳಿನ ಪಾಲು ತಪ್ಪಿಹೋಗುತ್ತದೆ. ಆದ್ದರಿಂದ ಗಂಡ ಹೆಂಡತಿ ಒಟ್ಟಿಗೆ ಕುಳಿತು ಉಣ್ಣುವ ಪದ್ಧತಿಯನ್ನು ರೂಢಿಸಿಕೊಳ್ಳಿರಿ.

ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಮಾತ್ರ ಕರಗುವುದಿಲ್ಲ. ಕೊಬ್ಬು ಎಲ್ಲಿಂದ ಮೊದಲು ಕರಗಬೇಕೆಂಬುದನ್ನು ದೇಹವೇ ನಿರ್ಧರಿಸುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯೂ, ಎರಡು ದಿನ ಮಾಂಸಖಂಡ ಬಲಿಯುವ ಕಸರತ್ತೂ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಹೊಲದ ಕೆಲಸದಲ್ಲಿ ನಡಿಗೆಯ ಭಾಗ ತೀರಿದರೂ ಎರಡನೆಯದು ಉಳಿಯುತ್ತದೆ. ಬೈಠಕ್, ಗೋಡೆಗೆ ಕೈಕೊಟ್ಟು ಮಾಡುವ ದಂಡೆ, ಸೂರ್ಯನಮಸ್ಕಾರ ಇವು ಸಾಕು. ಹಣ ಬೇಡ, ಸಲಕರಣೆ ಬೇಡ. ಬೆವರಿನ ಪಟ್ಟಿ ಕಟ್ಟಿದರೆ ಹೋಗುವುದು ನೀರು, ಕೊಬ್ಬಲ್ಲ. ಸಂತೆಯ ಪುಡಿ, ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಮದ್ಯವನ್ನು ಬಿಟ್ಟು ಏಳು ಗಂಟೆ ನಿದ್ರೆ ಮಾಡಿದರೆ ಬೇರೆ ಪ್ರಯತ್ನಗಳೂ ಫಲ ಕೊಡುತ್ತವೆ.

ಮೂರು ತಿಂಗಳಾದರೂ ತೂಕ ಇಳಿಯದಿದ್ದರೆ ನಿರಾಶರಾಗಬೇಡಿ. ಮಾಂಸ ಬೆಳೆದು ಕೊಬ್ಬು ಇಳಿದಾಗ ತಕ್ಕಡಿ ಸುಮ್ಮನಿರುತ್ತದೆ, ದಾರ ಮಾತ್ರ ಸಡಿಲವಾಗುತ್ತದೆ. ಒಳಗಿನ ಅಪಾಯಕಾರಿ ಕೊಬ್ಬು ಇಂಥ ಕ್ರಮಕ್ಕೆ ಬೇಗ ಮಣಿಯುತ್ತದೆ. ಚರ್ಮದಡಿಯ ಸ್ವಲ್ಪ ಕೊಬ್ಬು ಉಳಿದುಕೊಂಡರೆ ಅದಕ್ಕಾಗಿ ಕೊರಗಬೇಕಾಗಿಲ್ಲ.

ವೈದ್ಯರಲ್ಲಿಗೆ ಯಾವಾಗ?

ಕೆಲವೇ ವಾರಗಳಲ್ಲಿ ಹೊಟ್ಟೆ ದಪ್ಪವಾದರೆ, ಕಾಲು ಊದಿದರೆ, ಕಣ್ಣು ಹಳದಿಯಾದರೆ, ಕೈಗೆ ಗಡ್ಡೆ ತಗುಲಿದರೆ, ಮುಟ್ಟಿನಲ್ಲಿ ಅತಿಸ್ರಾವವಾದರೆ ಅದು ಬೊಜ್ಜಲ್ಲದಿರಬಹುದು. ಯಕೃತ್ತಿನ ಕಾಯಿಲೆಯ ನೀರು, ಗರ್ಭಕೋಶದ ಅಥವಾ ಅಂಡಾಶಯದ ಗಡ್ಡೆ ಇರುವ ಸಾಧ್ಯತೆಯಿದೆ; ತಡಮಾಡದೆ ಬರಬೇಕು. ಮುಟ್ಟು ತಪ್ಪಿದ್ದರೆ ಮೊದಲು ಗರ್ಭಪರೀಕ್ಷೆ ಮಾಡಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ತೂಕದೊಂದಿಗೆ ಸೊಂಟವನ್ನೂ ಅಳೆಯಿರಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ.
2. ಊಟ ಬಿಡಬೇಡಿ, ಅನ್ನ, ಮುದ್ದೆ ಇಳಿಸಿ ಕಾಳು, ಸೊಪ್ಪು ಏರಿಸಿ.
3. ವಾರಕ್ಕೆ ಎರಡು ದಿನ ಕಸರತ್ತು ಮಾಡಿರಿ.
4. ಸಂತಾನ ನಿರೋಧ ಶಸ್ತ್ರಚಿಕಿತ್ಸೆಯಿಂದ ಬೊಜ್ಜು ಬರುವುದಿಲ್ಲ.
5. 30 ವರ್ಷ ತುಂಬಿದವರು ಕೃಶರಾಗಿದ್ದರೂ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಿರಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಸೊಂಟದ ಅಳತೆ ಕೇಳಿದಾಗ ಸಂಕೋಚಪಡದೆ ಸಹಕರಿಸಿರಿ.

ಇಂದೇ ದಾರ ತೆಗೆದು ಇಬ್ಬರೂ ಅಳೆದುಕೊಳ್ಳಿರಿ. ಅಳತೆಯನ್ನು ದಿನಾಂಕದೊಂದಿಗೆ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಪ್ರತಿ ತಿಂಗಳೂ ಅದೇ ದಿನ ಮತ್ತೆ ಅಳೆದು ಹೋಲಿಸಿ ನೋಡಿರಿ.