ಎರಡು ನುಡಿಗಳ ನಡುವೆ ತಾಯಿ

ತಿಮೊಥೆಯನ ತಂದೆ ಗ್ರೀಕನು, ತಾಯಿಯಾದ ಯೂನಿಕೆಯು ಯೆಹೂದ್ಯಳು. ಪರಜನರ ಮಧ್ಯದಲ್ಲಿದ್ದರೂ ಆಕೆಯ ಮಗನು ಬಾಲ್ಯದಿಂದಲೇ ಪರಿಶುದ್ಧ ಗ್ರಂಥಗಳನ್ನು ಬಲ್ಲವನಾದನು. ಆದುದರಿಂದ ಎರಡು ಸಂಸ್ಕೃತಿಗಳ ನಡುವೆ ಮಕ್ಕಳನ್ನು ಸಾಕುವ ಕಾರ್ಯವು ಹೊಸದಲ್ಲ. ಇದರ ಕಷ್ಟವನ್ನೂ ಫಲವನ್ನೂ ಅಮೆರಿಕ ಸಂಯುಕ್ತ ಸಂಸ್ಥಾನಗಳ ಲ್ಯಾಟಿನಾ ತಾಯಂದಿರಲ್ಲಿ ಸ್ಪಷ್ಟವಾಗಿ ಕಾಣಬಹುದು.

ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬ ಮೊದಲಾದ ನಾಡುಗಳ ಮೂಲದ ಸ್ತ್ರೀಯರಿಗೆ ಲ್ಯಾಟಿನಾ ಎಂದು ಹೆಸರು. ಇವರೆಲ್ಲರೂ ವಲಸೆ ಬಂದವರಲ್ಲ. 1848ರ ಒಪ್ಪಂದದಿಂದ ಮೆಕ್ಸಿಕೊದ ಉತ್ತರಭಾಗವು ಅಮೆರಿಕಕ್ಕೆ ಸೇರಿದಾಗ ಅನೇಕ ಕುಟುಂಬಗಳು ಇದ್ದ ಮನೆಯಲ್ಲಿ ಇದ್ದಂತೆಯೇ ಪರರಾಜ್ಯದವರಾದರು. 2020ರ ಜನಗಣತಿಯಲ್ಲಿ ಈ ಜನರ ಸಂಖ್ಯೆಯು 6 ಕೋಟಿ 20 ಲಕ್ಷವನ್ನು ಮೀರಿತ್ತು.

ಇವರ ಸ್ಪ್ಯಾನಿಷ್ ಭಾಷೆಯಲ್ಲಿ 'ಎದುಕಾಸ್ಯೋನ್' ಎಂಬ ಶಬ್ದಕ್ಕೆ ಓದುಬರಹವೆಂಬ ಅರ್ಥವಲ್ಲದೆ, ಹಿರಿಯರಲ್ಲಿ ಗೌರವ, ನಡೆನುಡಿಯಲ್ಲಿ ವಿನಯ ಎಂಬ ಅರ್ಥವೂ ಉಂಟು. ಈ ಪಾಠಕ್ಕೆ ತಾಯಿಯೇ ಮೊದಲನೆಯ ಉಪಾಧ್ಯಾಯಿನಿ. ದೀಕ್ಷಾಸ್ನಾನದಲ್ಲಿ ಮಗುವಿಗೆ ಜ್ಞಾನತಾಯಿಯಾಗಿ ನಿಂತವಳು ಹೆತ್ತವಳಿಗೆ 'ಕೊಮಾದ್ರೆ', ಅಂದರೆ ಜೊತೆತಾಯಿ ಆಗುವಳು. ಹೀಗೆ ಮಗುವಿನ ಪಾಲನೆಯಲ್ಲಿ ತಾಯಿಯು ಒಂಟಿಯಾಗಿರುವುದಿಲ್ಲ.

ಮಗುವು ಶಾಲೆ ಸೇರಿದ ಮೇಲೆ ಕಷ್ಟವು ತೋರುವುದು. ಮಗುವಿಗೆ ಇಂಗ್ಲಿಷು ಬೇಗ ಬರುವುದು, ತಾಯಿಗೆ ತಡವಾಗಿ ಬರುವುದು. ಆಗ ವೈದ್ಯರ ಬಳಿಯಲ್ಲಿಯೂ ಕಚೇರಿಯಲ್ಲಿಯೂ ಮಗಳೇ ದುಭಾಷಿಯಾಗಬೇಕು. ತಾಯಿಯ ರೋಗವನ್ನು ತಾಯಿಗೆ ತಿಳಿಸುವ ಭಾರವು ಎಳೆಯ ಹುಡುಗಿಯ ಮೇಲೆ ಬೀಳುವುದೂ ಉಂಟು. ಹಿಂದೆ ಅನೇಕ ಶಾಲೆಗಳಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳನ್ನು ದಂಡಿಸುತ್ತಿದ್ದರು. ತಮ್ಮ ಮಕ್ಕಳಿಗೆ ಆ ಅವಮಾನವು ಬಾರದಿರಲೆಂದು ಕೆಲವು ತಾಯಂದಿರು ಮನೆಯ ನುಡಿಯನ್ನೇ ಕಲಿಸದೆ ಬಿಟ್ಟರು. ಅಂಥ ಮಕ್ಕಳಿಗೂ ಅಜ್ಜಿಗೂ ನಡುವೆ ಮಾತೇ ಇಲ್ಲವಾಯಿತು.

ಕ್ಯಾಲಿಫೋರ್ನಿಯದ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ಮೆಕ್ಸಿಕೊ ಮೂಲದ ಮಕ್ಕಳಿಗೆ ಪ್ರತ್ಯೇಕ ಶಾಲೆಯಿತ್ತು. ಸಿಲ್ವಿಯ ಮೆಂಡೆಸ್ ಎಂಬ ಬಾಲಿಕೆಯನ್ನು ಬಿಳಿಯರ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಆಕೆಯ ತಂದೆ ಗೊನ್ಸಾಲೊ ಎಂಬವನೂ ಬೇರೆ ನಾಲ್ವರು ತಂದೆಯರೂ 1945ರಲ್ಲಿ ದಾವೆ ಹೂಡಿದರು. ಪತಿಯು ವ್ಯಾಜ್ಯಕ್ಕಾಗಿ ಓಡಾಡುತ್ತಿದ್ದಾಗ ಪೋರ್ಟೊರಿಕೊದಲ್ಲಿ ಹುಟ್ಟಿದ ತಾಯಿ ಫೆಲಿಸಿತಾಸಳು ಹೊಲದ ಕೆಲಸವನ್ನು ನಡಿಸಿ ಮನೆಯನ್ನು ಕಾಪಾಡಿದಳು. ಮಕ್ಕಳಿಗೆ ಇಂಗ್ಲಿಷು ಸಾಲದೆಂಬುದೇ ಶಾಲೆಯವರ ವಾದ. ಬೇರ್ಪಡಿಸುವುದರಿಂದಲೇ ಆ ಭಾಷೆಯ ಕಲಿಕೆಗೆ ಅಡ್ಡಿಯಾಗುವುದೆಂದು ನ್ಯಾಯಾಧೀಶರು ಕಂಡು, 1946ರಲ್ಲಿ ಪೋಷಕರ ಪರವಾಗಿ ತೀರ್ಪು ಕೊಟ್ಟರು. 1947ರಲ್ಲಿ ಮೇಲಿನ ನ್ಯಾಯಾಲಯವು ಅದನ್ನು ಸ್ಥಿರಪಡಿಸಿತು. ಎರಡು ಭಾಷೆಗಳಲ್ಲಿ ಕಲಿಸುವುದಕ್ಕೆ ಸಹಾಯ ಕೊಡುವ ಕಾನೂನು 1968ರಲ್ಲಿ ಆಯಿತು.

ಇದರಿಂದ ನಾವು ಕಲಿಯತಕ್ಕದ್ದೇನು? ಶಾಲೆಯ ಬಾಗಿಲು ತೆರೆಯಬೇಕಾದರೆ ತಾಯಿಯ ನುಡಿಯನ್ನು ಹೊರಗೆ ಬಿಟ್ಟು ಬರಬೇಕೆಂಬುದು ಸತ್ಯವಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಪರನಾಡಿನಲ್ಲಿ ಸಂಸಾರ ಹೂಡಿದವರು ಇದನ್ನು ನೆನಸಬೇಕು. ಊರಿನ ಭಾಷೆಯನ್ನು ಮಕ್ಕಳಿಗೆ ಕಲಿಸಲು ಶಾಲೆಯೂ ಬೀದಿಯೂ ಸಂಗಡಿಗರೂ ಇರುವರು. ಮನೆಯ ನುಡಿಯನ್ನು ತಾಯಿಯೇ ಬಿಟ್ಟುಬಿಟ್ಟರೆ ಕಲಿಸುವವರು ಯಾರು?