ಕರಿ ಕುರಿಗಳ ಗೋದಲಿ

ನಮ್ಮ ಮನೆಯ ಕ್ರಿಸ್ಮಸ್ ಗೋದಲಿಯಲ್ಲಿ ಕುರಿಗಳು ಕಪ್ಪಗಿವೆ. ಇದು ಮಗನ ತೀರ್ಮಾನ. ಪೇಟೆಯಿಂದ ತಂದ ಹಾಲುಬಿಳುಪಿನ ಗೊಂಬೆಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ಅಮ್ಮಾ, ಇವು ಕುರಿ ಅಲ್ಲ, ಮೊಲ" ಅಂದ. ಏಳು ವರ್ಷದ ಅವನು ಚಳ್ಳಕೆರೆ ಸುತ್ತಮುತ್ತ ಕಂಡಿರುವುದೆಲ್ಲ ಕರಿ ಕುರಿ, ಕಂದು ಕುರಿ, ಹೆಚ್ಚೆಂದರೆ ಮುಖ ಮಾತ್ರ ಕಪ್ಪಗಿರುವ ಬಿಳಿ ಕುರಿ. ಅವರಪ್ಪನ ಬೂಟ್ ಪಾಲಿಶ್ ಡಬ್ಬಿ ತೆಗೆದುಕೊಂಡು ಅಣ್ಣ ತಂಗಿ ಇಬ್ಬರೂ ಸೇರಿ ಇಡೀ ಹಿಂಡನ್ನು ಕಪ್ಪು ಮಾಡಿದರು. ನಾಲ್ಕು ವರ್ಷದ ತಂಗಿಯ ಮೂಗೂ ಕಪ್ಪಾಯಿತು. ನಾನು ತಡೆಯಲಿಲ್ಲ. ಮಕ್ಕಳು ತಮ್ಮ ಕೈಯಾರೆ ಮಾಡಿದ್ದಷ್ಟೇ ಅವರ ಹಬ್ಬ, ಮಿಕ್ಕಿದ್ದೆಲ್ಲ ನಮ್ಮ ಹಬ್ಬ ಎಂಬುದು ನನಗೆ ಅವತ್ತು ಖಚಿತವಾಯಿತು.

ಗೋದಲಿಯ ಗುಡ್ಡಕ್ಕೆ ನಾವು ಬಳಸುವುದು ಕಂಬಳಿ ತುಂಡು. ನಮ್ಮೂರ ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಅದರಿಂದ ಹೊಸ ಕಂಬಳಿ ಗರಿಗರಿಯಾಗಿ, ಬಗ್ಗಿಸಿ ಇಟ್ಟರೆ ಗವಿಯ ಹಾಗೆ ತಾನೇ ನಿಲ್ಲುತ್ತದೆ. ಗೋಂದು ಬೇಡ, ರಟ್ಟು ಬೇಡ. ಮೂಗು ಹತ್ತಿರ ಒಯ್ದರೆ ಕುರಿ ವಾಸನೆ ಬರುತ್ತದೆ. ಯೇಸು ಹುಟ್ಟಿದ್ದು ಕೊಟ್ಟಿಗೆಯಲ್ಲಿ ಎಂದು ಮಕ್ಕಳಿಗೆ ಬೇರೆ ಹೇಳಬೇಕಾಗಲಿಲ್ಲ.

ಲೂಕನ ಸುವಾರ್ತೆಯಲ್ಲಿ ಬರುವ ಕುರುಬರು ರಾತ್ರಿಯೆಲ್ಲ ಹೊಲದಲ್ಲಿದ್ದು ಹಿಂಡು ಕಾಯುತ್ತಿದ್ದವರು. ನಗರದ ಮಕ್ಕಳಿಗೆ ಇದನ್ನು ಚಿತ್ರ ತೋರಿಸಿ ಹೇಳಬೇಕು, ನಮಗೆ ಊರಾಚೆ ಹೋದರೆ ಸಾಕು. ಬೆಳೆ ಕಿತ್ತ ಹೊಲಗಳಲ್ಲಿ ಕುರಿ ತರುಬುತ್ತಾರೆ, ರಾತ್ರಿಯಿಡೀ ಹಿಂಡು ಅಲ್ಲೇ ಇದ್ದರೆ ಹೊಲಕ್ಕೆ ಗೊಬ್ಬರ. ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಹೋದೆ. ಕಂಬಳಿ ಕೊಪ್ಪೆ ಹಾಕಿಕೊಂಡು ಬೆಂಕಿ ಕಾಯಿಸುತ್ತಿದ್ದ ಹಿರಿಯರ ಎದುರು ಮಗ ಕುಕ್ಕರುಗಾಲಲ್ಲಿ ಕೂತು ಕೇಳಿದ: "ತಾತ, ರಾತ್ರಿ ನಿಮ್ಮ ಹತ್ರ ದೇವದೂತ ಬರ್ತಾನಾ?"

"ಇಲ್ಲ ಕಣಪ್ಪ, ಮೊನ್ನೆ ತೋಳ ಬಂದಿತ್ತು."

ಇದು ತಮಾಷೆಯ ಮಾತಲ್ಲ, ನಮ್ಮ ಕಡೆಯ ಹುಲ್ಲುಗಾವಲಿನಲ್ಲಿ ತೋಳ ಈಗಲೂ ಇದೆ. ಮಗನಿಗೆ ದೇವದೂತ ಮರೆತೇ ಹೋದ. ಮನೆಗೆ ಬಂದವನೇ ಜೇಡಿಮಣ್ಣಿನಲ್ಲಿ ತೋಳ ಮಾಡಿ ಗೋದಲಿಯ ಹಿಂದೆ ನಿಲ್ಲಿಸಿದ. ನೋಡಿದವರು ಗೋದಲಿಯಲ್ಲಿ ತೋಳವೇ ಎಂದು ಹುಬ್ಬೇರಿಸಿದರು. ಆದರೆ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಎತ್ತು, ಕತ್ತೆ ನಿಲ್ಲಿಸಿ ಗೋದಲಿಯ ವಾಡಿಕೆಗೆ ದಾರಿ ಮಾಡಿದವರು ಸಂತ ಫ್ರಾನ್ಸಿಸ್. ಗುಬ್ಬಿಯೊ ಊರನ್ನು ಕಾಡುತ್ತಿದ್ದ ತೋಳದ ಜೊತೆ ರಾಜಿ ಮಾಡಿಕೊಂಡರೆಂಬ ಕತೆಯೂ ಅವರದೇ. ಹಾಗಾಗಿ ನಮ್ಮ ತೋಳಕ್ಕೆ ಜಾಗ ಸಿಕ್ಕಿತು. ತೋಳ ಬಂದ ಮೇಲೆ ಕುರುಬರು ಯಾಕೆ ನಿದ್ದೆಗೆಡುತ್ತಿದ್ದರು ಎಂಬುದೂ ಮಕ್ಕಳಿಗೆ ತಾನಾಗಿ ತಿಳಿಯಿತು.

ತಿಂಡಿಯ ವಿಷಯದಲ್ಲಿ ನನ್ನದು ಒಂದೇ ಮಾತು: ಕೇಕ್ ಬೇಕರಿಯಿಂದ ಬರಲಿ, ಕರ್ಜಿಕಾಯಿ ಮನೆಯಲ್ಲೇ ಆಗಲಿ. ಎಣ್ಣೆ ಮಿಲ್ಲುಗಳ ಊರಿನಲ್ಲಿದ್ದುಕೊಂಡು ಹೂರಣಕ್ಕೆ ಶೇಂಗಾ ಬಿಟ್ಟು ಇನ್ನೇನು ಹಾಕುವುದು? ಹುರಿದ ಶೇಂಗಾವನ್ನು ಅಂಗೈಯಲ್ಲಿ ಉಜ್ಜಿ, ಮೊರಕ್ಕೆ ಸುರಿದು, ಉಫ್ ಎಂದು ಊದಿ ಹೊಟ್ಟು ಹಾರಿಸುವ ಕೆಲಸ ಮಕ್ಕಳಿಗೆ ಕೊಡಬೇಕು. ಅಡುಗೆಮನೆಯಲ್ಲಿ ಮಾಡಬೇಡಿ, ಅಂಗಳಕ್ಕೆ ಕಳಿಸಿ. ಅರ್ಧ ಶೇಂಗಾ ಹೊಟ್ಟೆಗೆ ಹೋಗುತ್ತದೆ, ಆ ಲೆಕ್ಕ ಇಟ್ಟುಕೊಂಡೇ ಹುರಿಯಬೇಕು. ಬೆಲ್ಲ, ಕೊಬ್ಬರಿ, ಏಲಕ್ಕಿ ಸೇರಿಸಿ ಹೂರಣ ತುಂಬುವುದು ನಾನು, ಅಂಚು ಒತ್ತುವುದು ಅವರು. ಮಗಳು ಒತ್ತಿದವು ಎಣ್ಣೆಯಲ್ಲಿ ಬಾಯಿ ಬಿಡುತ್ತವೆ. ಅವನ್ನು ಕೊನೆಗೆ ಕರಿದರೆ ಎಣ್ಣೆ ಕೆಡುವುದಿಲ್ಲ, ಮಗುವಿನ ಮನಸ್ಸೂ ಮುರಿಯುವುದಿಲ್ಲ.

ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ದೀಪಾವಳಿಗೆ, ರಂಜಾನಿಗೆ ಬಂದ ತಟ್ಟೆಗಳ ಋಣ ತೀರಿಸುವ ಹಬ್ಬವೂ ಇದೇ. ತಟ್ಟೆ ಹಂಚುವ ಕೆಲಸವನ್ನು ಪೂರ್ತಿಯಾಗಿ ಮಕ್ಕಳಿಗೆ ಬಿಟ್ಟಿದ್ದೇನೆ. ಖಾಲಿ ತಟ್ಟೆ ವಾಪಸ್ ಕಳಿಸಬಾರದೆಂದು ಅಕ್ಕಪಕ್ಕದವರು ಒಂದು ಹಿಡಿ ಸಕ್ಕರೆ ಹಾಕಿ ಕಳಿಸುತ್ತಾರೆ. ಮಗಳು ಆ ಸಕ್ಕರೆಗಾಗಿಯೇ ಓಡುತ್ತಾಳೆ. ಮನೆಗೆ ಬರುವಾಗ ತಟ್ಟೆ ಮತ್ತೆ ಖಾಲಿ.

ನಡುರಾತ್ರಿಯ ಬಲಿಪೂಜೆಗೆ ಮಕ್ಕಳನ್ನು ಕರೆದೊಯ್ಯಬಾರದು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಏಳಕ್ಕೆ ಉಣ್ಣಿಸಿ, ಎಂಟಕ್ಕೆ ಮಲಗಿಸಿ, ಹೊರಡುವಾಗ ಎಬ್ಬಿಸಿದರೆ ಗೀತೆಗಳು ಮುಗಿಯುವವರೆಗೂ ಕಣ್ಣರಳಿಸಿ ಕೂರುತ್ತಾರೆ. ಡಿಸೆಂಬರಿನಲ್ಲಿ ನಮ್ಮ ಬಯಲುಸೀಮೆಯ ರಾತ್ರಿ ಕೊರೆಯುತ್ತದೆ, ಕಂಬಳಿ ಮರೆಯಬೇಡಿ. ಪೀಂ ಪೀಂ ಎನ್ನುವ ಚಪ್ಪಲಿ ಮಾತ್ರ ಬೇಡವೇ ಬೇಡ. ಹಾಗೆಯೇ, ಕ್ರಿಸ್ಮಸ್ ತಾತನ ವೇಷ ಹಾಕುವವರು ಚಿಕ್ಕ ಮಕ್ಕಳ ಮುಂದೆ ಒಮ್ಮೆ ಮುಖವಾಡ ತೆಗೆದು ತೋರಿಸಿ ಆಮೇಲೆ ಹಾಕಿಕೊಳ್ಳಲಿ. ಆ ಗುಲಾಬಿ ಪ್ಲಾಸ್ಟಿಕ್ ಮುಖಕ್ಕೆ ಬೆದರಿ ಅತ್ತ ಮಗುವಿಗೆ ಯಾವ ಚಾಕೊಲೇಟೂ ಸಮಾಧಾನ ತರುವುದಿಲ್ಲ.

ಹಬ್ಬದ ಮರುದಿನ ನನ್ನ ತವರು ಮೊಳಕಾಲ್ಮುರಿಗೆ ಹೋಗುವುದು ವಾಡಿಕೆ. ರೇಷ್ಮೆ ಸೀರೆಯ ಊರು. ಮಗ್ಗದ ಮನೆಗಳಲ್ಲಿ ಕೇಳಿದರೆ ತುಂಡು ನೂಲು ಕೊಡುತ್ತಾರೆ. ನಮ್ಮ ನಕ್ಷತ್ರದ ಬಾಲ ಆ ರೇಷ್ಮೆಯದು. ಮೂವರು ಜ್ಞಾನಿಗಳ ಗೊಂಬೆಗಳೂ ನಮ್ಮ ಜೊತೆಗೇ ಪಯಣ ಮಾಡುತ್ತವೆ, ಯಾಕೆಂದರೆ ಅವರು ಗೋದಲಿ ತಲುಪುವುದು ಜನವರಿ 6ಕ್ಕೆ. ಅವರನ್ನು ಮೂಡಣದ ರಾಜರೆಂದು ಮಕ್ಕಳಿಗೆ ಹೇಳಿದ್ದೆ. ನಮ್ಮಮ್ಮನ ಮನೆಯಿಂದ ಮೂಡಲಿಗೆ ರಾಯದುರ್ಗ. "ಹಂಗಾದ್ರೆ ರಾಯದುರ್ಗದ ರೈಲಲ್ಲಿ ಬಂದ್ರಾ?" ಎಂದಳು ಮಗಳು. ಮಗನದು ಇನ್ನೂ ದೊಡ್ಡ ಪ್ರಶ್ನೆ. ನಮ್ಮಪ್ಪ ಅವನನ್ನು ಬ್ರಹ್ಮಗಿರಿಯ ಅಶೋಕನ ಶಾಸನದ ಬಂಡೆಗೆ ಕರೆದೊಯ್ದಿದ್ದರು, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಶಾಸನ. "ಆ ಮೂರು ಜನದಲ್ಲಿ ಅಶೋಕನೂ ಒಬ್ಬನಾ?" ಎಂದು ಕೇಳಿದ. ಅಶೋಕ ಕ್ರಿಸ್ತನಿಗಿಂತ ಇನ್ನೂರು ವರ್ಷಕ್ಕೂ ಹಿಂದಿನವನು ಎಂದರು ನಮ್ಮಪ್ಪ. ಮಗ ಸ್ವಲ್ಪ ಹೊತ್ತು ಯೋಚಿಸಿ, "ಪಾಪ, ಬೇಗ ಬಂದುಬಿಟ್ಟ" ಅಂದ. ಇಂಥ ಪ್ರಶ್ನೆಗಳಿಗೆ ಹಬ್ಬದ ಗಡಿಬಿಡಿಯಲ್ಲಿ ಸುಮ್ಮನಿರು ಎನ್ನದೆ ಉತ್ತರ ಹೇಳುವ ಹಿರಿಯರು ಮನೆಯಲ್ಲಿರುವುದು ದೊಡ್ಡ ಭಾಗ್ಯ.

ಕೊನೆಗೊಂದು ಕಿವಿಮಾತು. ಗೋದಲಿಗೆ ಪ್ಲಾಸ್ಟಿಕ್ ಹುಲ್ಲು ತರಬೇಡಿ. ಡಿಸೆಂಬರ್ ಎರಡನೇ ವಾರದಲ್ಲಿ ಅಗಲವಾದ ತಟ್ಟೆಗೆ ಮಣ್ಣು ಹಾಕಿ ಒಂದು ಹಿಡಿ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸುವ ಕೆಲಸ ಮಕ್ಕಳಿಗೆ ಕೊಡಿ. ಹಬ್ಬದ ಹೊತ್ತಿಗೆ ಹಸಿರು ಎದ್ದಿರುತ್ತದೆ. ಚಿಕ್ಕವರು ನೀರು ಜಾಸ್ತಿ ಹಾಕಿ ಕೊಳೆಸುವುದುಂಟು, ಅದಕ್ಕೇ ಒಂದರ ಬದಲು ಎರಡು ತಟ್ಟೆ ಬಿತ್ತಿಟ್ಟುಕೊಳ್ಳಿ. ಜನವರಿ 6 ಕಳೆದ ಮೇಲೆ ಆ ಪೈರನ್ನು ಪಕ್ಕದ ಮನೆಯ ಮೇಕೆಗೆ ಹಾಕಬಹುದು.